ಮುತ್ತಿನೊಳಗೆ ಏಳು ಮಾರು

ಬಹಳ ಹಿಂದೆ, ಕಂಕಣಾವತಿ ಎಂಬ ರಾಜ್ಯದಲ್ಲಿ, ವಕ್ರಕಂಠನೆಂಬ ಮಾಂತ್ರಿಕನಿದ್ದ. ಜೋಡಿಯಾಗಿ ನಗುವವರನ್ನು ಕಂಡರೆ ಅವನಿಗೆ ಹೊಟ್ಟೆಯುರಿ. ಅವನ ಕೊರಳಲ್ಲಿ ಒಂದು ಮುತ್ತು ಇತ್ತು. ಮದುವೆ ಗೊತ್ತಾದ ಹುಡುಗಿಯರನ್ನು ಅದರೊಳಗೆ ಸೇರಿಸಿಬಿಡುತ್ತಿದ್ದ.

ಕುಂಬಾರರ ನಾಗಲೆಯನ್ನೂ ಹಾಗೆಯೇ ಸೇರಿಸಿದ. ಅವಳ ಕೈಹಿಡಿಯಬೇಕಿದ್ದವನು ಕೇತ. ಅರಸನ ಹೊಲಗಳನ್ನು ಹಗ್ಗದಿಂದ ಅಳೆಯುವವನು. ಅವನು ಮಾಂತ್ರಿಕನ ಬಳಿಗೆ ಬಂದ.

"ಹೋಗಪ್ಪ, ಕರೆದುಕೊಂಡು ಬಾ. ಆದರೆ ಒಬ್ಬರಿಗೊಬ್ಬರು ಬೆನ್ನು ತಿರುಗಿಸಿದರೆ ಇಬ್ಬರೂ ಕಲ್ಲು," ಎಂದ ಮಾಂತ್ರಿಕ.

ಕೇತ ಒಳಗೆ ಹೋದ. ಅಲ್ಲಿ ಗೋಡೆಯಿಲ್ಲ, ಬಾಗಿಲಿಲ್ಲ. ನೆಲವಿಲ್ಲ, ಆದರೂ ಬೀಳುವುದಿಲ್ಲ. ಬೆನ್ನಿಗೆ ಬೆನ್ನು ಕೊಟ್ಟ ಕಲ್ಲಿನ ಜೋಡಿಗಳು ಅಲ್ಲಲ್ಲಿ ನಿಂತಿದ್ದವು. ನಡುವೆ ನಾಗಲೆ ಇದ್ದಳು.

ಕೇತನ ಮುಖ ಅರಳಿ, ಮರುಕ್ಷಣವೇ ಬಾಡಿತು. ಅವಳ ಹೆಗಲಾಚೆ ಒಬ್ಬ ಗಂಡಸು ಬೆನ್ನು ಹಾಕಿ ನಿಂತಿದ್ದ. ಅಗಲ ಭುಜ, ಒಳ್ಳೆಯ ನಿಲುವು.

"ನಿನ್ನ ಹಿಂದೆ ಯಾರವನು?"

"ಯಾರೂ ಇಲ್ಲ."

"ನನಗೇನು ಕಣ್ಣಿಲ್ಲವೇ?"

"ಅದಿರಲಿ, ನೀನು ಕರೆತಂದವಳು ಯಾರು? ಅಗೋ, ನಿನ್ನ ಹಿಂದೆ, ಮೊಣಕಾಲುದ್ದ ಜಡೆಯವಳು! ಆ ಜಡೆ ತೋರಿಸಲು ಇಲ್ಲಿವರೆಗೆ ಬಂದೆಯಾ?"

ಕೇತನ ಚೀಲದಲ್ಲಿ ಅಳತೆಯ ಗುರುತಿಗೆಂದು ಕೆಂಪು ಬಳಿದ ಕಲ್ಲುಗಳಿದ್ದವು. ಒಂದನ್ನು ಆ ಗಂಡಸಿನ ಬೆನ್ನಿಗೆ ಬೀಸಿ ಎಸೆದ. ಕಲ್ಲು ನಾಗಲೆಯ ಹೆಗಲ ಮೇಲಿಂದ ಹಾರಿತು. ಕೇತನ ಬೆನ್ನಿಗೆ ಬಡಿಯಿತು.

"ನಿನ್ನ ಜಡೆಯವಳಿಗೆ ಗುರಿ ಚೆನ್ನಾಗಿದೆ," ಎಂದಳು ನಾಗಲೆ.

ಕೇತ ಎಡಕ್ಕೆ ನೋಡಿದ. ಅಲ್ಲೂ ಅದೇ ಗಂಡಸು! ಎರಡನೆಯ ಕಲ್ಲು ಎಸೆದ. ಅದು ಅವನ ಬಲಭುಜಕ್ಕೆ ಬಡಿಯಿತು.

ತಲೆಯೆತ್ತಿದ. ಮೇಲೆ ಗಂಡಸಿನ ಎರಡು ಅಂಗಾಲು. ಮೂರನೆಯ ಕಲ್ಲು ಎಸೆದ. ಅದು ಕೆಳಗಿನಿಂದ ಬಂದು ಅವನ ಅಂಗಾಲಿಗೆ ಬಡಿದು, ಅಲ್ಲೇ ತೇಲಿತು.

"ಸಾಕು, ನಿನ್ನ ಮುಖ ನೋಡಲಾರೆ!" ನಾಗಲೆ ಅರ್ಧ ತಿರುಗಿದಳು. ಅವಳ ಕಾಲ್ಬೆರಳು ಕಲ್ಲಾಯಿತು.

"ತಾಳು!" ಕೇತ ತೇಲುತ್ತಿದ್ದ ಕಲ್ಲನ್ನು ಹಿಡಿದ. ಕೆಂಪು ಬಳಿದದ್ದು. ತನ್ನದೇ. ಮುಂದೆ ಎಸೆದದ್ದು ಹಿಂದಿನಿಂದ ಬಂತು. ಎಡಕ್ಕೆ ಎಸೆದದ್ದು ಬಲದಿಂದ ಬಂತು. ಮೇಲೆ ಎಸೆದದ್ದು ಕೆಳಗಿನಿಂದ ಬಂತು. ಮೆಲ್ಲಗೆ ಬಲಗೈ ಎತ್ತಿದ. ಆ ಗಂಡಸೂ ಬಲಗೈ ಎತ್ತಿದ.

"ನಾಗಲೆ, ನಿನ್ನ ಜಡೆಯನ್ನು ಮುಂದಕ್ಕೆ ಹಾಕಿಕೋ."

ಅವಳು ಹಾಕಿಕೊಂಡಳು. ಅತ್ತ ನಿಂತವಳ ಬೆನ್ನೂ ಬರಿದಾಯಿತು. ನಾಗಲೆ ಬಹಳ ಹೊತ್ತು ನೋಡಿದಳು.

"ಅಷ್ಟು ಚೆನ್ನಾಗಿದೆಯಾ ನನ್ನ ಜಡೆ?"

ಕೇತ ಹಗ್ಗ ಎಸೆದ. ಮುಂದಕ್ಕೆ ಏಳು ಮಾರು ಹೋಗಿ ತುದಿ ಹಿಂದಿನಿಂದ ಬಂತು. ಪಕ್ಕಕ್ಕೂ ಏಳು. ಮೇಲಕ್ಕೂ ಏಳು. ಹಗ್ಗವನ್ನು ಮೂರು ತುಂಡು ಮಾಡಿ, ಮೂರು ಕಡೆಯೂ ತುದಿಗೆ ತುದಿ ಗಂಟು ಹಾಕಿದ. ಒಬ್ಬನೇ ಎಳೆದರೆ ಹಗ್ಗ ಸುಮ್ಮನೆ ಸುತ್ತಿತು. ಇಬ್ಬರೂ ಎದುರುಬದುರು ನಿಂತು ಎಳೆದಾಗ ಬಿಗಿಯಿತು. ಏಳು ಮಾರು ಆರಾಯಿತು. ಆರು ಐದಾಯಿತು. ಮುತ್ತು ಬಿರಿದು ಮಾಂತ್ರಿಕನ ಕೊರಳಿನಿಂದ ನೆಲಕ್ಕೆ ಬಿತ್ತು.

ಇಬ್ಬರೂ ಹೊರಬಿದ್ದರು. ನಾಗಲೆಯ ಕಾಲ್ಬೆರಳು ಮತ್ತೆ ಮೆತ್ತಗಾಯಿತು. ಕಲ್ಲಿನ ಜೋಡಿಗಳೂ ಉರುಳಿ ಬಂದು, ಬಿಸಿಲು ತಾಗಿ ಕಣ್ಣು ಬಿಟ್ಟವು.

"ನನ್ನ ಮುತ್ತು!" ಮಾಂತ್ರಿಕ ಬಿರುಕಿನೊಳಗೆ ನುಗ್ಗಿದ. ಎದುರಿಗೆ ತನ್ನಂಥದೇ ನಿಲುವಂಗಿಯವನೊಬ್ಬ ಬೆನ್ನು ಹಾಕಿ ನಿಂತಿದ್ದ. "ನನ್ನ ಮುತ್ತಿನಲ್ಲಿ ಯಾರೋ ನೀನು?" ಎಂದು ಅಟ್ಟಿಸಿಕೊಂಡು ಹೋದ.

ಕೇತ ಬಿರುಕಿನಲ್ಲಿ ಇಣುಕುತ್ತಿದ್ದ ಗಂಟುಗಳನ್ನು ಹೊರಗಿನಿಂದ ಬಿಚ್ಚಿದ. ಹಗ್ಗ ಸಡಿಲವಾಗಿ ಒಳಗೆ ಮತ್ತೆ ಏಳು ಮಾರಾಯಿತು. ಬಿರುಕು ಕೂಡಿಕೊಂಡಿತು.

ಆ ತಿಂಗಳು ಕಂಕಣಾವತಿಯಲ್ಲಿ ಮದುವೆಗಳೇ ಮದುವೆಗಳು. ಎಲ್ಲರೂ ಉಂಡರು, ನಕ್ಕರು, ನೆಮ್ಮದಿಯಾಗಿ ಬಾಳಿದರು. ಮುತ್ತನ್ನು ಕಿವಿಗಿಟ್ಟರೆ ಇಂದಿಗೂ ಓಡುವ ಸದ್ದು ಕೇಳುತ್ತದೆ. ಮುಂದಿರುವವನು ಇನ್ನೂ ಏಳು ಮಾರು ದೂರದಲ್ಲೇ ಇದ್ದಾನೆ.