ತೊಂಬತ್ತು ರೂಪಾಯಿಯ ಉಳಿತಾಯ

"ಇದೇ ಮಿಕ್ಸಿ ಕಂಪ್ಯೂಟರಲ್ಲಿ ಮುನ್ನೂರು ರೂಪಾಯಿ ಕಡಿಮೆಗೆ ಸಿಗುತ್ತೆ!"

ನೇತ್ರಾವತಿ ಸ್ವಲ್ಪ ಜೋರಾಗಿಯೇ ಹೇಳಿಬಿಟ್ಟಳು.

ಕೌಂಟರಿನ ಆಚೆ ನಿಂತಿದ್ದ ಅಂಜನ್‌ಕುಮಾರ್ ಕೈಯಲ್ಲಿದ್ದ ಜಾರನ್ನು ಮೆಲ್ಲಗೆ ಕೆಳಗಿಟ್ಟ. ಅವಳಿಗಾಗಿ ಅವನು ಮೂರು ಮಿಕ್ಸಿ ಇಳಿಸಿದ್ದ. ಡಬ್ಬ ಬಿಚ್ಚಿ, ಒಂದೊಂದನ್ನೂ ಓಡಿಸಿ ತೋರಿಸಿದ್ದ.

"ಹಂಗಾದ್ರೆ ಕಂಪ್ಯೂಟರ್‌ಗೇ ಹೇಳಿ ಮೇಡಂ... ಅದೇ ಓಡಿಸಿ ತೋರ್ಸುತ್ತೆ!"

"ತೋರಿಸ್ದೆ ಇದ್ರೂ ಪರವಾಗಿಲ್ಲ. ಅದು ಗಿರಾಕಿ ಮುಖ ನೋಡಿ ಬೆಲೆ ಹೇಳಲ್ಲ!"

"ನಾನು ಮುಖ ನೋಡಿ ಹೇಳಿದ್ನಾ?"

ಅವಳು ಬ್ಯಾಗು ಹೆಗಲಿಗೇರಿಸಿ ಮೆಟ್ಟಿಲಿಳಿದು ಹೊರಟೇಹೋದಳು. ಗುಬ್ಬಿಯ ಬಿಸಿಲಿಗೆ ಮುಖ ಕೆಂಪಾಗಿತ್ತು. ಬರೀ ಬಿಸಿಲಿಗಲ್ಲ...

ಛೇ, ಅಷ್ಟು ಒರಟಾಗಿ ಯಾಕೆ ಮಾತಾಡಿದೆ?

ಅದು ಎರಡು ಸಾವಿರದ ಎಂಟರ ಬೇಸಿಗೆ. ನೇತ್ರಾವತಿ ಗುಬ್ಬಿಯ ಒಂದು ಖಾಸಗಿ ಕಾಲೇಜಿನ ಆಫೀಸಿನಲ್ಲಿ ಕಂಪ್ಯೂಟರ್ ಆಪರೇಟರ್. ಸಂಬಳ ಕೈಗೆ ಬಂದಷ್ಟೇ ಬೇಗ ಖಾಲಿಯಾಗುವಂಥದ್ದು. ಅಪ್ಪ ತೀರಿಹೋದ ಮೇಲೆ ಅವಳ ತಾಯಿ ದೊಡ್ಡಗಂಗಮ್ಮ ಸಿ.ಎಸ್. ಪುರದ ತವರಿನಲ್ಲಿ ಅಣ್ಣನ ಮನೆ ಸೇರಿದ್ದರು. ಅಲ್ಲಿ ಅಷ್ಟೂ ಜನರಿಗೆ ಬೇಯಿಸಿ ಹಾಕುವುದು ಅವರೇ. ಆದರೆ ಆ ಅಡುಗೆಮನೆಯ ಒಂದು ಸೌಟೂ ಅವರದಲ್ಲ. ಒಮ್ಮೆ ಅತ್ತಿಗೆಯ ಮಿಕ್ಸಿ ಕೆಟ್ಟಾಗ, "ನೀನೇ ಹಾಳ್ ಮಾಡ್ದೆ" ಎಂಬ ಮಾತನ್ನು ದೊಡ್ಡಗಂಗಮ್ಮ ತಲೆ ತಗ್ಗಿಸಿ ಕೇಳಿಸಿಕೊಂಡಿದ್ದನ್ನು ನೇತ್ರಾವತಿ ಕಣ್ಣಾರೆ ನೋಡಿದ್ದಳು.

ಅವತ್ತೇ ನಿರ್ಧರಿಸಿದ್ದಳು. ಗುಬ್ಬಿಯಲ್ಲೊಂದು ಚಿಕ್ಕ ಬಾಡಿಗೆ ಮನೆ. ಅದರಲ್ಲಿರುವ ಪ್ರತಿ ಸಾಮಾನೂ ಅಮ್ಮನದು. ಸಾಲ ಮಾಡದೆ, ಯಾರ ಮುಂದೆಯೂ ಕೈ ಚಾಚದೆ!

ಹಾಗಾಗಿ ಕೆಲಸ ಮುಗಿದ ಮೇಲೆ, ಪ್ರಿನ್ಸಿಪಾಲರ ಅನುಮತಿ ಕೇಳಿ, ಆಫೀಸಿನ ಇಂಟರ್ನೆಟ್ಟಿನಲ್ಲಿ ಬೆಲೆ ಹುಡುಕುತ್ತಿದ್ದಳು. ಕಂಡ ಕೂಡಲೇ ಕೊಳ್ಳುವವಳಲ್ಲ. ಎರಡು ಮೂರು ಸೈಟು ತೆರೆದು ಹೋಲಿಸುವಳು. ಕೆಳಗೆ ಸಣ್ಣ ಅಕ್ಷರದಲ್ಲಿ ಅಡಗಿ ಕೂತಿರುವ ಕೊರಿಯರ್ ಚಾರ್ಜನ್ನು ಸೇರಿಸಿ ಲೆಕ್ಕ ಹಾಕುವಳು. ಕೊಂಡವರು ಆ ಮಾರಾಟಗಾರನ ಬಗ್ಗೆ ಏನು ಬರೆದಿದ್ದಾರೆ ಎಂದು ಓದುವಳು. ಬೇಕಾದದ್ದೇ ಆದರೂ ಹಬ್ಬದ ರಿಯಾಯಿತಿಗೆ ಕಾಯುವಳು.

ಒಂದೇ ಒಂದು ತೊಂದರೆ. ಪರದೆಯ ಮೇಲಿನ ಸಾಮಾನನ್ನು ಮುಟ್ಟಿ ನೋಡಲಾಗದು. ಮುಟ್ಟಿ ನೋಡಲು ಅವಳ ಮನೆಗೆ ಹತ್ತಿರವಿದ್ದದ್ದು ಅಂಜನ್‌ಕುಮಾರನ ಅಂಗಡಿ.

ಮಿಕ್ಸಿಯನ್ನು ಆನ್‌ಲೈನಿನಲ್ಲೇ ತರಿಸಿದಳು. ತಿಂಗಳ ನಂತರ ಇಸ್ತ್ರಿಪೆಟ್ಟಿಗೆ ನೋಡಲು ಮತ್ತೆ ಅದೇ ಮೆಟ್ಟಿಲು ಹತ್ತಿದಳು. ಬೈದು ಕಳಿಸ್ತಾನೆ...

ಅವನು ನಕ್ಕ!

"ಬನ್ನಿ ಮೇಡಂ. ಮಿಕ್ಸಿ ಸಿಕ್ತಾ?"

"ಸಿಕ್ತು... ಅತ್ತೆ ಕೊಟ್ರು."

ಯಾಕೆ ಸುಳ್ಳು ಹೇಳಿದಳೋ ಅವಳಿಗೇ ತಿಳಿಯಲಿಲ್ಲ. ಆ ನಗುವಿನ ಮುಂದೆ ನಿಜ ಹೇಳಲು ನಾಲಿಗೆ ಏಳಲಿಲ್ಲ, ಅಷ್ಟೇ.

ಅವತ್ತು ಅವನು ಒಂದು ಇಸ್ತ್ರಿಪೆಟ್ಟಿಗೆಯನ್ನು ತಾನೇ ಪಕ್ಕಕ್ಕೆ ಸರಿಸಿದ. "ಇದು ಬ್ಯಾಡ. ನಮ್ಮಲ್ಲೇ ಇದೆ, ಆದ್ರೂ ಹೇಳ್ತೀನಿ. ಬೇಗ ಸುಟ್ಟೋಗುತ್ತೆ."

ತನ್ನ ಅಂಗಡಿಯ ಮಾಲನ್ನೇ ಬೇಡ ಎನ್ನುವ ವ್ಯಾಪಾರಿಯನ್ನು ಅವಳು ಮೊದಲ ಸಲ ನೋಡುತ್ತಿದ್ದಳು.

ಆಮೇಲೆ ಶನಿವಾರಗಳು ಬದಲಾದವು. ಅರ್ಧ ದಿನದ ಕೆಲಸ ಮುಗಿಸಿ ಬರುವಾಗ ಕಾಲು ತಾನಾಗಿಯೇ ಅತ್ತ ತಿರುಗುತ್ತಿತ್ತು. ಏನಾದರೊಂದರ ಬೆಲೆ ಕೇಳುವಳು. ಅವನು ಬಿಡಿಸಿ ಹೇಳುವನು. ಮಾತು ಸಾಮಾನಿನಿಂದ ಊರಿಗೆ, ಊರಿನಿಂದ ಮನೆಗೆ ಹರಿಯುವುದು. ಅವಳು ಬರುವ ಹೊತ್ತಿಗೆ ಎರಡು ಟೀ ಹೇಳಿರುತ್ತಿದ್ದ. ಸೆಖೆ ತಡೆಯಲಾರದ ಒಂದು ಮಧ್ಯಾಹ್ನ, ಮಾರಾಟಕ್ಕಿಟ್ಟಿದ್ದ ಟೇಬಲ್ ಫ್ಯಾನನ್ನು ಅವಳ ಕಡೆ ತಿರುಗಿಸಿಟ್ಟ.

"ಚೆನ್ನಾಗಿದೆ ಅಲ್ವಾ ಗಾಳಿ? ಸದ್ದೂ ಇಲ್ಲ."

"ಹೂಂ..." ಅಂದಳು. ಗಾಳಿಗೆ ಹಾರುತ್ತಿದ್ದ ಮುಂಗುರುಳು ಸರಿಪಡಿಸಿಕೊಳ್ಳುತ್ತಾ ಅವನನ್ನೇ ನೋಡಿದಳು.

ಅಮ್ಮ ಬರುವ ದಿನ ಹತ್ತಿರವಾಗಿತ್ತು. ಫ್ಯಾನು ಬೇಕೇಬೇಕು. ಸೋಮವಾರ ಕಂಪ್ಯೂಟರಿನಲ್ಲಿ ಅದೇ ಫ್ಯಾನು... ಎಲ್ಲ ಖರ್ಚು ಸೇರಿಸಿಯೂ ತೊಂಬತ್ತು ರೂಪಾಯಿ ಕಡಿಮೆ! ಅವಳ ಬೆರಳು ತುಂಬಾ ಹೊತ್ತು ಮೌಸಿನ ಮೇಲೇ ನಿಂತಿತ್ತು.

ಕೊನೆಗೆ ಒತ್ತಿಬಿಟ್ಟಳು.

ಕೊರಿಯರಿನವನಿಗೆ ಅವಳ ಮನೆ ಸಿಗಲಿಲ್ಲ. ವಿಳಾಸದಲ್ಲಿ ಗುರುತಿಗೆಂದು ಅಂಜನ್‌ಕುಮಾರನ ಅಂಗಡಿಯ ಹೆಸರನ್ನು ಅವಳೇ ಬರೆದಿದ್ದಳು. ಕೊರಿಯರಿನವನು ಅಲ್ಲೇ ಕೇಳಿದ. ಅಂಜನ್‌ಕುಮಾರ್ ಸಹಿ ಹಾಕಿ ಪಾರ್ಸೆಲ್ ಇಳಿಸಿಕೊಂಡ.

ಶನಿವಾರ ಅವಳು ನಗುತ್ತಾ ಮೆಟ್ಟಿಲು ಹತ್ತಿದಾಗ ಡಬ್ಬ ಕೌಂಟರಿನ ಮೇಲಿತ್ತು. ಅದರ ಮೇಲೆ ಫ್ಯಾನಿನ ಚಿತ್ರ. ಪಕ್ಕದಲ್ಲೇ, ಕಳೆದ ವಾರ ಅವಳಿಗೆ ಗಾಳಿ ಬೀಸಿದ ಅದೇ ಫ್ಯಾನು.

ಅವಳು ಕೊನೆಯ ಮೆಟ್ಟಿಲ ಮೇಲೇ ನಿಂತುಬಿಟ್ಟಳು.

"ಎಷ್ಟು ಉಳೀತು?" ಅವನ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು!

"ತೊಂಬತ್ತು..."

"ಮಿಕ್ಸಿನೂ ಹಿಂಗೇ ಬಂದಿದ್ದಾ?"

ಅವಳು ಹೌದೆಂಬಂತೆ ತಲೆಯಾಡಿಸಿದಳು.

"ಒಂದ್ ಮಾತು ಕೇಳಿದ್ರೆ ತೊಂಬತ್ತು ನಾನೇ ಬಿಡ್ತಿದ್ದೆ." ಅವನು ಡಬ್ಬವನ್ನು ಅವಳ ಕಡೆ ಸರಿಸಿದ. "ದುಡ್ಡಿನ್ ಮಾತಲ್ಲ, ಬಿಡಿ. ಕಡಿಮೆಗೆ ಸಿಕ್ಕ ಕಡೆ ತಗೊಳ್ಳೋದು ತಪ್ಪಲ್ಲ. ಪ್ರತಿ ಶನಿವಾರ ನೀವು ಬರ್ತಿದ್ದಿದ್ದು ಯಾಕೆ ಅಂತ... ನಾನೇ ಬೇರೆ ಏನೋ ಅನ್ಕೊಂಡಿದ್ದೆ. ತಪ್ಪು ನಂದು."

ಅಲ್ಲ... ನೀವು ಅನ್ಕೊಂಡಿದ್ದೇ ನಿಜ! ಎಂದು ಕೂಗಬೇಕೆನಿಸಿತು. ಆದರೆ ಎದುರಿಗೆ ಆ ಡಬ್ಬ ಕೂತಿರುವಾಗ ಆ ಮಾತನ್ನು ಯಾರು ನಂಬುತ್ತಾರೆ? ಡಬ್ಬವನ್ನು ಎದೆಗವಚಿಕೊಂಡು ಮನೆಗೆ ಬಂದು ಬಿಕ್ಕಿ ಬಿಕ್ಕಿ ಅತ್ತಳು.

ಮುಂದಿನ ವಾರ ಅಂಗಡಿಯ ಮುಂದೆ ಒಂದು ಬೋರ್ಡು ಕಾಣಿಸಿಕೊಂಡಿತು. 'ಬೇರೆ ಕಡೆ ಕೊಂಡ ಸಾಮಾನುಗಳನ್ನು ಇಲ್ಲಿ ರಿಪೇರಿ ಮಾಡುವುದಿಲ್ಲ.'

ಅದನ್ನು ಓದಿದ ದಿನದಿಂದ ಅವಳು ಹಿಂದಿನ ಬೀದಿಯಲ್ಲಿ ಸುತ್ತಿ ಆಫೀಸಿಗೆ ಹೋಗತೊಡಗಿದಳು.

ದೊಡ್ಡಗಂಗಮ್ಮ ಬಂದರು. ಪ್ರತಿ ಸಾಮಾನನ್ನೂ ಸವರಿ ನೋಡಿದರು. "ಇದೆಲ್ಲಾ ನಮ್ದೇನೇ?" ಎಂದು ಮತ್ತೆ ಮತ್ತೆ ಕೇಳಿದರು. ಮಗಳು ಹೂಂ ಎಂದಳು. ಅಂದುಕೊಂಡಿದ್ದೆಲ್ಲಾ ಆಗಿತ್ತು... ಆದರೂ ಆ ಫ್ಯಾನು ಹಾಕಿದಾಗಲೆಲ್ಲಾ ಅವಳಿಗೆ ಉಸಿರು ಕಟ್ಟುತ್ತಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಸಂಜೆ ಅವಳು ಮನೆಗೆ ಬಂದಾಗ ಅಮ್ಮ ಚಟ್ನಿ ರುಬ್ಬುತ್ತಿದ್ದರು.

"ಬೆಳಿಗ್ಗೆ ಮಿಕ್ಸಿ ನಿಂತೋಗಿತ್ತು ಕಣೇ. ನಾನೇ ಹೊತ್ಕೊಂಡ್ ಹೋಗಿ ಸರಿ ಮಾಡಿಸ್ಕೊಂಡ್ ಬಂದೆ."

"ಎಲ್ಲಿ ಮಾಡಿಸ್ದೆ?"

"ಅದೇ, ಮುಂದ್ಗಡೆ ಬೀದೀಲಿ ಆ ಹುಡುಗನ ಅಂಗ್ಡೀಲಿ. ಪಕ್ಕದಲ್ ನಿಂತಿದ್ದೋನು 'ಏನಮ್ಮಾ, ಬೋರ್ಡ್ ನೋಡ್ಲಿಲ್ವಾ' ಅಂತ ರೇಗ್ದ. ನಂಗೆಲ್ ಬತ್ತದೆ ಓದಕ್ಕೆ! ನನ್ ಮಗ್ಳು ನೇತ್ರಾವತಿ, ಕಾಲೇಜಾಫೀಸಲ್ ಅವ್ಳೆ, ಅವ್ಳು ಬಂದ್ ಓದ್ತಾಳೆ ಬುಡು ಅಂದೆ. ಆ ಹುಡುಗ ತಟ್ಟನೆ ಎದ್ ಬಂದು ಕೈಯಿಂದ ಈಸ್ಕೊಂಡ."

ನೇತ್ರಾವತಿ ಗೋಡೆಗೆ ಒರಗಿದಳು. "ಏನಾದ್ರೂ ಅಂದ್ರಾ?"

"'ನಿಮ್ ಮಗ್ಳು ನೋಡಿ ಒಳ್ಳೇದೇ ತಗೊಂಡವ್ರೆ' ಅಂದ. ಆಮ್ಯಾಕೆ... 'ಫ್ಯಾನ್ ಚೆನ್ನಾಗ್ ತಿರುಗ್ತದಾ ಅಮ್ಮಾ, ಸೆಖೆ ಆಗಲ್ವಾ' ಅಂತ ಕೇಳ್ದ. ನಮ್ಮನೇಲಿ ಫ್ಯಾನ್ ಐತೆ ಅಂತ ಅವ್ನಿಗೆಂಗೆ ಗೊತ್ತೇ?"

ಉತ್ತರ ಕೊಡಲು ನೇತ್ರಾವತಿ ಅಲ್ಲಿರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಆಗಲೇ ಬೀದಿಗಿಳಿದಿದ್ದಳು.

ಅಂಗಡಿಯಲ್ಲಿ ಅವನೊಬ್ಬನೇ ಇದ್ದ. ಅವಳನ್ನು ಕಂಡು ಎದ್ದು ನಿಂತ.

"ಮಿಕ್ಸಿ ಮತ್ತೆ ನಿಂತೋಯ್ತಾ?"

"ಇಲ್ಲ. ನಾನ್ ಹೇಳೋದು ಮುಗಿಯೋವರ್ಗೂ ಮಧ್ಯ ಮಾತಾಡ್ಬೇಡಿ... ನಿಂತ್ರೆ ಮತ್ತೆ ಹೇಳೋಕಾಗಲ್ಲ."

ಅವನು ಕೌಂಟರ್ ಬಿಟ್ಟು ಈಚೆ ಬಂದ.

"ಮೊದಲ್ನೇ ದಿನ ನಿಮ್ಮತ್ರ ಜಗಳ ಆಡಿ ಬೆಲೆ ಕೇಳ್ದೆ. ಆಗ ನೀವು ಯಾರೋ. ಆಮೇಲೆ ಚೌಕಾಸಿ ಮಾಡೋಕೆ ಬಾಯೇ ಬರ್ಲಿಲ್ಲ. ನೀವು ತೊಂಬತ್ತು ಬಿಟ್ಟು ಕೊಟ್ಟಿದ್ರೆ... ಅದಕ್ಕೋಸ್ಕರಾನೇ ನಾನ್ ಬರ್ತಿದೀನಿ ಅಂತ ಆಗ್ತಿತ್ತು. ಪೂರ್ತಿ ಕೊಡೋ ಶಕ್ತಿ ನಂಗಿರ್ಲಿಲ್ಲ. ಅದಕ್ಕೇ ಸಾಮಾನು ಅಲ್ಲಿಂದ ತರಿಸ್ದೆ. ಇಲ್ಲಿಗೆ... ಬರೀ ಬಂದೆ."

ಅವಳ ಕಣ್ಣು ತುಂಬಿತ್ತು.

"ಸುಳ್ಳು ಹೇಳಿದ್ದು ತಪ್ಪು. ಅದನ್ನ ಒಪ್ಕೋತೀನಿ. ಆದ್ರೆ ನೀವು ಅನ್ಕೊಂಡಿದ್ದು ತಪ್ಪಲ್ಲ! ಒಂದ್ಸಲ ಮೋಟಾರ್ ಪಂಪ್ ಬೆಲೆ ಕೇಳಿದ್ದೆ, ಗ್ಯಾಪ್ಕ ಇದೆಯಾ? ಬಾಡಿಗೆ ಮನೇಲಿರೋಳು ನಾನು. ನಮಗೆ ಬಾವಿ ಇದೆಯಾ, ಬೋರ್ ಇದೆಯಾ?"

ಅಂಜನ್‌ಕುಮಾರ್ ಅವಳನ್ನೇ ನೋಡಿದ. ತುಟಿಯಂಚು ಮೆಲ್ಲಗೆ ಅಲುಗಿತು.

"ಅದ್ರ ಬಗ್ಗೆ ನಾನು ಟೀ ತಣ್ಣಗಾಗೋವರ್ಗೂ ಹೇಳ್ದೆ..."

"ಅದಕ್ಕೇ ಕೇಳಿದ್ದು!"

ಇಬ್ಬರೂ ನಕ್ಕರು. ನಗುತ್ತಲೇ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಬೋರ್ಡ್ ಸಿಟ್ಟಲ್ಲಿ ಬರೆಸ್ದೆ," ಅವನು ತಲೆ ತಗ್ಗಿಸಿ ಹೇಳಿದ. "ಯಾರೇ ಡಬ್ಬ ಹಿಡ್ಕೊಂಡ್ ಬಂದ್ರೂ ನೀವೇ ಗ್ಯಾಪ್ಕ ಬರ್ತಿದ್ರಿ. ಅದನ್ನ ತಡ್ಕೊಳ್ಳೋಕಾಗ್ತಿರ್ಲಿಲ್ಲ. ನಿಮ್ಮಮ್ಮ ನಿಮ್ ಹೆಸರು ಹೇಳಿದ್ರು ನೋಡಿ... ಇಷ್ಟು ದಿನ ಯಾರ್ ಮೇಲೆ ಹಟ ಮಾಡ್ತಿದ್ನೋ ಅನ್ನಿಸ್ತು."

"ಮುಂದಕ್ಕೂ ನಾನು ಕಡಿಮೆಗೆ ಸಿಕ್ಕ ಕಡೇನೇ ತಗೋತೀನಿ. ಅದು ಬಿಡೋಕಾಗಲ್ಲ. ಆದ್ರೆ ನಿಮ್ಮತ್ರ ಮೊದ್ಲು ಕೇಳ್ತೀನಿ. ಮುಚ್ಚಿಡಲ್ಲ."

"ಹಂಗೇ ಮಾಡಿ. ಆಗ್ದಿದ್ರೆ ನಾನೇ ಹೇಳ್ತೀನಿ, ಅಲ್ಲೇ ತರ್ಸಿ ಅಂತ." ಅವನ ದನಿ ಇಳಿಯಿತು. "ನೇತ್ರಾ... ಈಗ ಮನೇಗ್ ಹೋಗಿ ಅಮ್ಮಂಗೆ ಏನ್ ಹೇಳ್ತೀಯ?"

ಮೇಡಂ ಹೋಗಿ ನೇತ್ರಾ ಆಗಿತ್ತು! ಅವಳ ಕೆನ್ನೆ ರಂಗೇರಿತು.

"ಟೀಗೆ ಇನ್ನೊಂದ್ ಲೋಟ ನೀರು ಜಾಸ್ತಿ ಇಡಮ್ಮಾ ಅಂತೀನಿ."

"ಯಾರ್ ಬರ್ತಾರೆ ಅಂತ ಕೇಳಿದ್ರೆ?"

"ನೀವೇ ಬಂದು ಹೇಳಿ."

"ಈಗ್ಲೇನಾ?"

"ಈಗ್ಲೇ. ಬಾಗ್ಲು ಹಾಕಿ, ಬನ್ನಿ."