ಹೂವಿನ ತಿಮ್ಮಪ್ಪನ ಸೈಕಲ್

2025ರ ಸೆಪ್ಟೆಂಬರ್ 25, ಗುರುವಾರ. ಬೆಳಿಗ್ಗೆ ಎಂಟು ಹತ್ತಕ್ಕೆ ಕಾಯ್ಕಿಣಿಯ ತಿಮ್ಮಪ್ಪ ಠಾಣೆಯ ಮೆಟ್ಟಿಲು ಹತ್ತಿದಾಗ ಅವನ ತಲೆಯ ಮೇಲೆ ಮಲ್ಲಿಗೆ ಮೊಗ್ಗಿನ ಬುಟ್ಟಿ ಇತ್ತು. ಇಳಿಸಲು ಜಾಗ ಕಾಣದೆ ಪಿಎಸ್‌ಐ ಕೃಷ್ಣಾನಂದರ ಮೇಜಿನ ಮೇಲೇ ಇಟ್ಟ.

"ಸೈಕಲ್ ಕದ್ರು ಸಾಹೇಬ್ರೆ. ಚೌಡನದೇ ಕೆಲಸ."

"ಕಂಡ್ಯಾ?"

"ಕಾಣೂದೆಂತ? ಅವನೂ ಹೂವಿನವ, ನಾನೂ ಹೂವಿನವ. ನವರಾತ್ರಿಲಿ ನನ್ನ ಸೈಕಲ್ ಹೋದ್ರೆ ಯಾರಿಗೆ ಲಾಭ?"

ಹದಿನೈದು ಮನೆಗಳಿಂದ ಮೊಗ್ಗು ಎತ್ತಿ, ಬಿಸಿಲೇರುವ ಮೊದಲು ಭಟ್ಕಳದ ವ್ಯಾಪಾರಿಗೆ ಮುಟ್ಟಿಸುವುದು ತಿಮ್ಮಪ್ಪನ ಬದುಕು. ಒಂದು ದಿನ ತಪ್ಪಿದರೆ ಆ ಮನೆಗಳು ಬೇರೆಯವರಿಗೆ ಕೊಡುತ್ತವೆ. ಅರಳಿದ ಮೊಗ್ಗು ಯಾರನ್ನೂ ಕಾಯುವುದಿಲ್ಲ. ಏಳೂವರೆಗೆ ಹೆದ್ದಾರಿ ಪಕ್ಕದ ಚಹಾ ಅಂಗಡಿಯ ಹಿಂದೆ ಸೈಕಲ್ ನಿಲ್ಲಿಸಿದ್ದ. ಬೀಗ ಹಾಕಿರಲಿಲ್ಲ. ಹತ್ತು ನಿಮಿಷದಲ್ಲಿ ಹಸಿರು ಸೈಕಲ್ ಮಾಯ.

"ಬುಟ್ಟಿ?"

"ಕಳ್ಳ ಅದನ್ನ ಇಳಿಸಿ ಜಗಲಿ ಮೇಲಿಟ್ಟಿದ್ದ, ನೆರಳಲ್ಲಿ. ಮೇಲಿನ ಬಾಳೆಲೆಗೆ ನೀರು ಬೇರೆ ಹಾಕಿದ್ದ."

ಕೃಷ್ಣಾನಂದರು ಪೆನ್ನು ಕೆಳಗಿಟ್ಟರು. ಅವರು ಸುಲಭಕ್ಕೆ ನಂಬುವ ಪೈಕಿಯಲ್ಲ. ಉಪ್ಪು ಸರಿಯಿದೆ ಎಂದು ಹೆಂಡತಿ ಹೇಳಿದರೂ ಒಮ್ಮೆ ನಾಲಿಗೆಗೆ ಹಚ್ಚಿ ನೋಡಿಯೇ ಊಟಕ್ಕೆ ಕೂರುವವರು. ಹೂವು ಬಾಡಬಾರದೆಂದು ನೀರು ಚಿಮುಕಿಸುವ ಕಳ್ಳನನ್ನು ಅವರು ಹದಿನಾರು ವರ್ಷದ ನೌಕರಿಯಲ್ಲಿ ಕಂಡಿರಲಿಲ್ಲ. ಎಫ್‌ಐಆರ್ ದಾಖಲಾಯಿತು.

ಒಂಬತ್ತೂವರೆಗೆ ಸ್ಥಳ ಪಂಚನಾಮೆ. ಕಾನ್‌ಸ್ಟೆಬಲ್ ಉಮಾ ಟೈರಿನ ಗುರುತು ಹಿಡಿದು ನಡೆದಳು. ಅದು ಹೆದ್ದಾರಿಯ ಕಡೆ ಹೋಗಿರಲಿಲ್ಲ. ಊರೊಳಗಿನ ಓಣಿಗೆ ತಿರುಗಿ, ಜಲ್ಲಿಯಲ್ಲಿ ಅಳಿಸಿಹೋಗಿತ್ತು.

ಮಧ್ಯಾಹ್ನ ಹನ್ನೆರಡಕ್ಕೆ ಹೇಳಿಕೆಗೆ ಸಹಿ ಹಾಕಲು ತಿಮ್ಮಪ್ಪ ಸೈಕಲ್ ಮೇಲೆಯೇ ಬಂದ.

"ಇದು ಯಾರದ್ದು?" ಉಮಾ ಕೇಳಿದಳು.

"ಸೈಕಲ್ ರಿಪೇರಿ ದಿನಕರಂದು. ದೇವ್ರಂಥ ಮನ್ಶ. ನಾ ಅಂಗಡಿಗೆ ಹೋಗೂದ್ರೊಳಗೆ ತೆಗೆದಿಟ್ಟಿದ್ದ. ಬುಟ್ಟಿ ಕಟ್ಟೂ ಹಲಗೆ ಸಮೇತ."

"ನಿನ್ನ ಸೈಕಲ್ ಹೋದದ್ದು ಅವನಿಗೆ ಯಾರು ಹೇಳಿದ್ರು?" ಕೃಷ್ಣಾನಂದರು ಒಳಗಿನಿಂದಲೇ ಕೇಳಿದರು.

"ಸುದ್ದಿಗೆ ಕಾಲು ಬೇಕಾ ಸಾಹೇಬ್ರೆ?"

ಕಾಲು ಬೇಡ, ಆದರೆ ಹಲಗೆ ಹೊಡೆಯಲು ಹೊತ್ತು ಬೇಕು. ಅವರು ಅದನ್ನು ಡೈರಿಯಲ್ಲಿ ಬರೆದುಕೊಂಡರು.

ಮೊದಲು ಚೌಡನ ವಿಚಾರಣೆ. ತಿಮ್ಮಪ್ಪನ ಎರಡು ಮನೆಗಳ ಹೂವನ್ನು ಆಗಲೇ ತನ್ನದಾಗಿಸಿಕೊಂಡಿದ್ದ ಅವನಿಗೆ ನಾಚಿಕೆಯೂ ಇರಲಿಲ್ಲ.

"ಹೂ ತಗೊಂಡೆ, ಹೌದು. ಸೈಕಲ್ ಎಂತಕ್ಕೆ? ನಂಗೆ ಬೈಕ್ ಇದೆ."

ಏಳೂವರೆಗೆ ಅವನು ಭಟ್ಕಳದ ಹೂವಿನ ಅಂಗಡಿಯ ಮುಂದಿದ್ದದ್ದು ಅಲ್ಲಿಯ ಸಿಸಿ ಕ್ಯಾಮೆರಾದಲ್ಲಿ ಸಿಕ್ಕಿತು. ಮುಂದಿನ ಮೂರು ದಿನ ಹೊನ್ನಾವರ, ಕುಮಟಾಗಳ ಗುಜರಿ ಅಂಗಡಿಗಳ ತಪಾಸಣೆಯಲ್ಲಿ ಹೋದವು. ಹಸಿರು ಸೈಕಲ್ ಎಲ್ಲೂ ಬಂದಿರಲಿಲ್ಲ. ಉಮಾ ದಿನಕರನನ್ನು ಕೇಳಿದರೆ, "ನನ್ನ ಅಂಗಡಿಗೆ ಯಾರೂ ಮಾರೂಕೆ ತರಲಿಲ್ಲ ಬಾಯೋರೆ" ಎಂದ. ಅದು ಸುಳ್ಳೂ ಆಗಿರಲಿಲ್ಲ.

ಅಕ್ಟೋಬರ್ 1, ಬುಧವಾರ, ಆಯುಧ ಪೂಜೆ. ಠಾಣೆಯ ಜೀಪಿಗೆ ಹೂವು ಏರಿಸಿ ಮುಗಿಸಿದ ಮೇಲೆ ಕೃಷ್ಣಾನಂದರು ಉಮಾಳನ್ನು ಕರೆದರು.

"ದಿನಕರನ ಅಂಗಡಿ ಪೂಜೆಗೆ ಹೋಗಿ ಬಾ. ಪ್ರಸಾದ ತಗೋ, ಕಣ್ಣು ತೆರೆದಿಟ್ಟುಕೋ."

ಅಂಗಡಿಯಲ್ಲಿ ಸ್ಪ್ಯಾನರು, ಪಂಪು, ಸುತ್ತಿಗೆ ಎಲ್ಲಕ್ಕೂ ಕುಂಕುಮ ಬಿದ್ದಿತ್ತು. ಸಾಲಾಗಿ ನಿಂತ ಹನ್ನೊಂದು ಸೈಕಲ್ಲುಗಳಿಗೆ ಚೆಂಡುಹೂವಿನ ಮಾಲೆ. ದಿನಕರನ ಹೆಂಡತಿ ಸುಪ್ರಿಯಾಳ ಬುಟ್ಟಿಯಲ್ಲಿ ಇನ್ನೊಂದು ಮಾಲೆ ಉಳಿದಿತ್ತು.

"ಇದು ಯಾವುದಕ್ಕೆ ಅಕ್ಕಾ?" ಉಮಾ ಕೇಳಿದಳು.

"ಒಳಗೊಂದು ಗಿರಾಕಿದು ಇದ್ಯಲ್ಲ, ಅದಕ್ಕೆ," ಎಂದಳು ಸುಪ್ರಿಯಾ, ಏನೂ ಅರಿಯದೆ. "ಮನೇಲಿಟ್ಟ ಚಕ್ರನ ಇವತ್ತು ಹೂವಿಲ್ದೆ ಬಿಡೂಕಾಗ್ತದಾ? ಇವ್ರೇ ಹೇಳಿ ಕಟ್ಟಿಸಿದ್ದು."

ದಿನಕರ ಆರತಿ ತಟ್ಟೆ ಕೆಳಗಿಟ್ಟು ಒಳಬಾಗಿಲು ಎಳೆದುಕೊಂಡ. ಉಮಾ ಫೋನ್ ತೆಗೆದಳು.

ಹನ್ನೊಂದು ಇಪ್ಪತ್ತಕ್ಕೆ ಇಬ್ಬರು ಪಂಚರ ಸಮಕ್ಷಮ ಜಪ್ತಿ ಪಂಚನಾಮೆ. ಹಿಂದಿನ ಕೋಣೆಯ ಅಡ್ಡ ತೊಲೆಗೆ ಹಸಿರು ಸೈಕಲ್ ತಲೆಕೆಳಗಾಗಿ ತೂಗುತ್ತಿತ್ತು, ಟೈರು ಹಾಳಾಗದ ಹಾಗೆ. ಮುಂಚಕ್ರ ಹಿಡಿಯುವ ಫೋರ್ಕ್ ಹೊಚ್ಚ ಹೊಸದು. ಕೆಳಗೆ ಗೋಣಿಚೀಲದಲ್ಲಿ ಹಳೆಯದು.

"ಕದ್ದ ಮಾಲಿಗೆ ಹೊಸ ಫೋರ್ಕ್ ಯಾಕೆ?" ಕೃಷ್ಣಾನಂದರು ಕೇಳಿದರು.

ದಿನಕರ ಗೋಣಿಚೀಲದ ಕಡೆ ಕೈ ತೋರಿಸಿದ.

"ಮಳೆಗಾಲದಲ್ಲಿ ಇದರ ಫೋರ್ಕ್ ಬಿರುಕು ಬಿಟ್ಟಿತ್ತು. ಹೊಸದು ಹಾಕು ಅಂದಿದ್ದ ತಿಮ್ಮಪ್ಪ. ನಾನು ಅದನ್ನೇ ವೆಲ್ಡಿಂಗ್ ಮಾಡಿ, ಬಣ್ಣ ಬಳಿದು, ಹೊಸದು ಅಂತ ಕೊಟ್ಟೆ. ಹೋದ ತಿಂಗಳು ಗೇರುಸೊಪ್ಪ ರಸ್ತೇಲಿ ಒಬ್ಬ ಬಿದ್ದ. ಅವನಿಗೂ ಹೀಗೇ ಮಾಡಿಕೊಟ್ಟಿದ್ದೆ. ವೆಲ್ಡಿಂಗ್ ಬಿಟ್ಟಿತ್ತು. ಅವನ ಹಲ್ಲು ಹೋಯ್ತು. ಇವ ದಿನಾ ಬುಟ್ಟಿ ಹೊತ್ತು ಹೆದ್ದಾರಿ ಇಳಿತಾನೆ, ಲಾರಿ ನಡುವೆ."

"ರಿಪೇರಿ ಉಂಟು, ಬಿಟ್ಟು ಹೋಗು ಅನ್ನಬಹುದಿತ್ತು."

"ಎರಡು ಸಲ ಅಂದೆ. ಬೇರೆ ಸೈಕಲ್ ಕೊಡ್ತೆ ಅಂತಲೂ ಅಂದೆ. 'ನೀನೇ ಹೊಸ ಫೋರ್ಕ್ ಹಾಕಿದ್ಯಲ್ಲ ಮಾರಾಯ, ಇನ್ನೆಂತ ಆಗ್ತದೆ' ಅಂತ ನಗಾಡಿದ."

"ನಿಜ ಹೇಳಬಹುದಿತ್ತು."

"ಮೂವತ್ತು ವರ್ಷದ ಅಂಗಡಿ ಸಾಹೇಬ್ರೆ. ಕುಮಟಾದಿಂದ ಫೋರ್ಕ್ ತರಿಸಿ ಹಾಕಿದೆ. ಹಬ್ಬ ಮುಗಿದ ಮೇಲೆ ದಾರಿ ಬದಿ ಬಿಟ್ಟು ಬರೂದು ಅಂತ ಇದ್ದೆ."

ಮಧ್ಯಾಹ್ನ ಒಂದು ಗಂಟೆಗೆ ದಿನಕರನ ಬಂಧನವಾಯಿತು. ಸುದ್ದಿ ತಿಳಿದು ಠಾಣೆಗೆ ಧಾವಿಸಿದ ತಿಮ್ಮಪ್ಪ, "ಇವನಾ? ಸಾಧ್ಯವೇ ಇಲ್ಲ" ಎಂದು ಜಗಳಕ್ಕೇ ನಿಂತ. ಕೃಷ್ಣಾನಂದರು ವಿವರಿಸಲಿಲ್ಲ. ಹಳೆಯ ಫೋರ್ಕನ್ನು ಅವನ ಕೈಗೆ ಕೊಟ್ಟರು. ಬಣ್ಣ ಎದ್ದು ವೆಲ್ಡಿಂಗ್ ಕಾಣುವ ಜಾಗದಲ್ಲಿ ಬೆರಳಿಟ್ಟು ತಿಮ್ಮಪ್ಪ ಹಾಗೆಯೇ ನಿಂತ. ದಿನಕರ ತಲೆ ಎತ್ತಲಿಲ್ಲ.

ಕೇಸ್ ಡೈರಿಯಲ್ಲಿ ಕೃಷ್ಣಾನಂದರು ಬರೆದರು: "ಕಳವಿನ ಕಾರಣ, ಲಾಭದ ಆಸೆಯಲ್ಲ. ಒಂದು ಜೀವ ಉಳಿಸಬೇಕಿತ್ತು, ಹೆಸರನ್ನೂ ಉಳಿಸಿಕೊಳ್ಳಬೇಕಿತ್ತು."

ಹಸಿರು ಸೈಕಲ್ ನ್ಯಾಯಾಲಯದಿಂದ ಬಿಡುಗಡೆಯಾಗುವ ತನಕ ಠಾಣೆಯಲ್ಲೇ ಇರಬೇಕು. ತಿಮ್ಮಪ್ಪ ಹೊರಗೆ ಹೋಗಿ, ದಿನಕರ ಕೊಟ್ಟಿದ್ದ ಸೈಕಲ್ಲಿನ ಹ್ಯಾಂಡಲ್ ಹಿಡಿದ. ಕಾಲೆತ್ತಿದವನು ಇಳಿಸಿದ. ಬಗ್ಗಿ, ಮುಂಚಕ್ರದ ಎರಡೂ ಕಡೆ ಬೆರಳಾಡಿಸಿ ನೋಡಿದ. ಆಮೇಲೆ ಹತ್ತಲಿಲ್ಲ, ಕಾಯ್ಕಿಣಿಯ ದಾರಿಯಲ್ಲಿ ತಳ್ಳಿಕೊಂಡೇ ಹೊರಟ.

ಕಿಟಕಿಯಿಂದ ದಿನಕರ ನೋಡುತ್ತಿದ್ದ.

"ಬಾಯೋರೆ, ಅದು ಸರಿ ಇದೆ ಅಂತ ಹೇಳಿ ಅವನಿಗೆ," ಎಂದ. "ಅದರಲ್ಲಿ ಎಂತದ್ದೂ ಇಲ್ಲ."

ಉಮಾ ಅವನನ್ನೂ ನೋಡಿದಳು, ದಾರಿಯನ್ನೂ ನೋಡಿದಳು. ಹೇಳಲು ಹೋಗಲಿಲ್ಲ.