ಮೂತಿಗೊಂದಿಷ್ಟು ಭಾರ

ಹೊಟ್ಟೆಕಿಚ್ಚಿಗೆ ನೀರು ಹಾಕಿದರೆ ಆರುತ್ತದೆಯೇ? ಶಶಿಕಲಾ ಎರಡು ತಂಬಿಗೆ ಕುಡಿದು ನೋಡಿದಳು, ಆರಲಿಲ್ಲ.

ಬೀದರದ ಮೈಲೂರಿನ ಅವಳ ಟೇಲರಿಂಗ್ ಅಂಗಡಿಯ ಕಟ್ಟೆಯ ಮೇಲೆಯೇ ಆ ರಿಮೋಟ್ ವಿಮಾನ ಹುಟ್ಟಿದ್ದು. ಪಾಲಿಟೆಕ್ನಿಕ್ಕಿನ ಲ್ಯಾಬ್ ನೋಡಿಕೊಳ್ಳುವ ಎದುರುಮನೆಯ ಅಮಿತಕುಮಾರ ಕಿಟ್ ತರಿಸಿ, "ನಿಮ್ಮ ಇಸ್ತ್ರಿ ಸ್ವಲ್ಪ ಕೊಡ್ತೀರೇನ್ರಿ? ರೆಕ್ಕಿಗಿ ಬಣ್ಣದ ಹಾಳಿ ಅಂಟಸ್ಬೇಕು" ಎಂದು ಬಂದಿದ್ದ. ಮೊದಲ ಹಾಳೆಯನ್ನೇ ಸುಟ್ಟ. ಆಮೇಲೆ ರೆಕ್ಕೆ, ಬಾಲಗಳಿಗೆಲ್ಲ ಕೆಂಪು ಹಾಳೆಯನ್ನು ಒಂದು ಸುಕ್ಕಿಲ್ಲದಂತೆ ಹೊದಿಸಿದವಳು ಅವಳೇ. ಅವಳು ಇಸ್ತ್ರಿ ಒತ್ತುವಾಗ ಅವನು ರೆಕ್ಕೆ ಹಿಡಿದು ಕೂತು ಅವಳನ್ನೇ ನೋಡುತ್ತಿದ್ದ. ಅವಳು ಕಣ್ಣೆತ್ತಿದರೆ ಮೋಟರಿನ ವೈರು ನೋಡುತ್ತಿದ್ದ.

ಅಷ್ಟರಲ್ಲಿ ಬಂದಳು ಮೆಹಕರದ ಸೋನಾಲಿ, ಅವನ ಕಾಲೇಜಿನ ಗೆಳತಿ, ಇಂಥ ವಿಮಾನ ಹಾರಿಸಿ ಪಳಗಿದವಳು. ಬೀದರದ ಮೇಲೆ ಏರ್‌ಫೋರ್ಸಿನವರು ಹಾರುತ್ತಾರೆ, ಇಲ್ಲಿ ಇದನ್ನು ಹಾರಿಸುವಂತಿಲ್ಲ. ಹಾಗಾಗಿ ನಾಳೆ ಭಾನುವಾರ ಸೋನಾಲಿಯ ಹೊಲದಲ್ಲಿ, ಸೋನಾಲಿಯ ಕೈಯಲ್ಲೇ ರಿಮೋಟ್! ಇಸ್ತ್ರಿ ಒತ್ತಿ ಬೆರಳು ಸುಟ್ಟುಕೊಂಡ ಶಶಿಕಲಾಳಿಗೆ ಸಿಕ್ಕಿದ್ದು, "ನೀವೂ ಬರ್ರಿ ನೋಡ್ಲಾಕ" ಅನ್ನುವ ಒಂದು ಮಾತು.

ಇತ್ತ ಔರಾದದಿಂದ ಸಂಬಂಧ ಬಂದಿತ್ತು. ಹುಡುಗ ನೋಡಿ ಹೋಗಿ ಒಪ್ಪಿದ್ದ. "ಇವತ್ತ ಸಂಜಿಗಿ ಹೂಂ, ಊಹೂಂ ಏನರೆ ಒಂದು ಹೇಳಿಬಿಡವ್ವ" ಎಂದು ಸೋದರತ್ತೆ ರುಕ್ಮಿಣಿಬಾಯಿ ಬೆನ್ನುಹತ್ತಿದ್ದಳು. ಅಮಿತ ಬಾಯಿ ಬಿಟ್ಟಾನೆಂದು ಕಾದು ಕಾದು ಸಾಕಾಗಿತ್ತು. ಹೂಂ ಅಂದುಬಿಡುತ್ತೇನೆ, ಅವನಿಗೆ ಬುದ್ಧಿ ಬರಲಿ ಎಂದು ಹಲ್ಲು ಕಡಿದುಕೊಂಡೇ ಶಶಿಕಲಾ ಹೊರಗೆ ಬಂದಳು.

ಕಟ್ಟೆಯ ಮೇಲೆ ಅಮಿತ, ಸೋನಾಲಿಯರ ಜಗಳ ನಡೆದಿತ್ತು.

"ನೀವರೆ ಹೇಳ್ರಿ ಇವಗ," ಸೋನಾಲಿ ವಿಮಾನವನ್ನು ಎರಡು ಬೆರಳ ಮೇಲೆ ತೂಗಿ ತೋರಿಸಿದಳು. "ಬಾಲ ಭಾರ ಆಗಿ ಹಿಂದ ವಾಲ್ತಿತ್ತು. ಮೂತ್ಯಾಗ ಇಡ್ಲಾಕ ಸೀಸದ ತುಂಡು ತಂದೀನಿ, ಇಡವಲ್ಲ! ಮಶೀನಿಂದು ಯಾವುದೋ ಹಳೀ ಸಾಮಾನು ಇಟ್ಟಾನ. ತಗಿ ಅಂದ್ರ ಗುಸ್ಸಾ ಮಾಡ್ತಾನ."

ಶಶಿಕಲಾ ಮೂತಿಯ ಮುಚ್ಚಳ ತೆಗೆದಳು. ಒಳಗೆ ಟೇಪು ಸುತ್ತಿಸಿಕೊಂಡು ಅವಳದೇ ಹೊಲಿಗೆ ಮಶೀನಿನ ಬಾಬಿನ್ ಕೇಸ್ ಕೂತಿತ್ತು, ಹಸಿರು ದಾರದ ಸಮೇತ! ಮೂರು ದಿನ ಅದನ್ನು ಹುಡುಕಿ, ಅಂಗಡಿಯ ಇಲಿಗಳಿಗೆಲ್ಲ ಬೈದು, ಹೊಸದು ತಂದಿದ್ದಳು.

"ಇದು ನಂದಲ್ಲೇನ್ರಿ?"

ಅಮಿತನ ಕಿವಿ ಕೆಂಪಾದವು. "ನಿಮ್ದೇರಿ. ಕದ್ದೀನಿ."

"ಎದಕ್ಕ?"

"ನೀವು ಔರಾದಕ್ಕ ಹೋಗ್ತೀರಂತ ಕೇಳಿದೆ. ನಿಮ್ದು ಏನರೆ ಒಂದು ನನ್ನ ಬಲ್ಲಿ ಉಳೀಲಿ ಅಂತ..."

ಸೋನಾಲಿ ಹಣೆ ಬಡಿದುಕೊಂಡು, ಸೀಸದ ತುಂಡನ್ನು ಸದ್ದಿಲ್ಲದೆ ಬ್ಯಾಗಿಗೆ ಹಾಕಿಕೊಂಡಳು.

"ಕದೀಲಾಕ ಕೈ ಅದ, ಕೇಳ್ಲಾಕ ಬಾಯಿಲ್ಲೇನ್ರಿ?" ಶಶಿಕಲಾ ಮುಚ್ಚಳವನ್ನು ಅವನೆದುರು ಅಲ್ಲಾಡಿಸಿದಳು.

"ಈಗ ಕೇಳಿದ್ರ?"

ಅವಳು ಅಂಗಡಿಯೊಳಗೆ ತಿರುಗಿ ಕೂಗಿದಳು. "ಅತ್ತಿ, ಔರಾದದವರಿಗಿ ಬ್ಯಾಡ ಅನ್ನು!"

ಆದರೆ ಕಿಚ್ಚು ಅಷ್ಟು ಸುಲಭಕ್ಕೆ ಆರುವುದುಂಟೇ? "ನಾಳಿ ರಿಮೋಟ್ ಯಾರ ಕೈಯಾಗ?" ಎಂದಳು.

"ಸೋನಾ..." ಶಶಿಕಲಾಳ ಮುಖ ನೋಡಿ ಅಮಿತ ನಾಲಿಗೆ ಕಚ್ಚಿಕೊಂಡ. "ನಿಮ್ಮ ಕೈಯಾಗೇರಿ. ಬಿದ್ರ?"

"ಬಿದ್ರ ಬೀಳ್ಲಿ, ಮತ್ತ ಇಸ್ತ್ರಿ ಮಾಡ್ತೇನಿ. ನೀವು ರೆಕ್ಕಿ ಹಿಡ್ಕೊಂಡು ಕೂಡ್ರಿ. ಆದ್ರ ಈ ಸಲ ವೈರು ನೋಡಂಗಿಲ್ಲ."